ಒಂದು ಗಂಟೆಗೆ 1,500 ಡಾಲರ್: ರುವಾಂಡಾದ ಗೊರಿಲ್ಲಾ ನಡಿಗೆ ನನಗೆ ಹೇಗನಿಸಿತು

ಮೊದಲು ದುಡ್ಡಿನ ವಿಷಯ ಹೇಳಿಬಿಡುತ್ತೇನೆ. ಊರಿಗೆ ವಾಪಸ್ ಬಂದ ಮೇಲೆ ಎಲ್ಲರೂ ಕೇಳಿದ್ದು ಅದನ್ನೇ. ರುವಾಂಡಾದ ವಾಲ್ಕೆನೋಸ್ ನ್ಯಾಷನಲ್ ಪಾರ್ಕ್‌ನಲ್ಲಿ ಬೆಟ್ಟದ ಗೊರಿಲ್ಲಾ ನೋಡಲು ಹೊರದೇಶದವರಿಗೆ ತಲಾ 1,500 ಡಾಲರ್. ನಮ್ಮ ಲೆಕ್ಕದಲ್ಲಿ ಸುಮಾರು 1 ಲಕ್ಷ 30 ಸಾವಿರ ರೂಪಾಯಿ. ಇದು ಪರ್ಮಿಟ್ ಮಾತ್ರ. ಗಾಡಿ, ಊಟ, ರೂಮು, ಬ್ಯಾಗ್ ಹೊರುವವರ ಕೂಲಿ ಎಲ್ಲ ಬೇರೆ. ಇಷ್ಟು ಕೊಟ್ಟರೆ ಗೊರಿಲ್ಲಾಗಳ ಹತ್ತಿರ ಇರಲು ಸಿಗುವುದು ಒಂದು ಗಂಟೆ. ಗಡಿಯಾರ ನೋಡಿ ಒಂದೇ ಗಂಟೆ.

ನಾನು ಕೊಳ್ಳೇಗಾಲದವಳು. ಪ್ರೈಮರಿ ಸ್ಕೂಲ್ ಟೀಚರ್ ಆಗಿ ರಿಟೈರ್ ಆದೆ. ಮಗ ಕಿಗಾಲಿಯಲ್ಲಿ ಕೆಲಸದಲ್ಲಿದ್ದಾನೆ. ಕಳೆದ ಆಗಸ್ಟ್, ಅಂದರೆ 2025ರಲ್ಲಿ, ಅವನ ಮನೆಯಲ್ಲಿ ಒಂದು ತಿಂಗಳು ಇದ್ದುಬರಲು ಹೋಗಿದ್ದೆ. ಅವನು ನನಗೆ ಹೇಳದೆ ಪರ್ಮಿಟ್ ತೆಗೆದಿಟ್ಟಿದ್ದ. ಅಲ್ಲೇ ವಾಸ ಇರುವುದರಿಂದ ಅವನಿಗೆ 500 ಡಾಲರ್, ನನಗೆ ಪೂರ್ತಿ ರೇಟು. ಬೆಲೆ ಕೇಳಿ ಒಂದು ದಿನ ಅವನ ಜೊತೆ ಮಾತು ಬಿಟ್ಟಿದ್ದೆ. ಆ ದುಡ್ಡಿಗೆ ಮನೆಯ ಮೇಲಿನ ಸೋರುವ ತಾರಸಿ ರಿಪೇರಿ ಆಗುತ್ತಿತ್ತು. ಸಂಜೆ ಅವನು ಕಾಫಿ ತಂದುಕೊಟ್ಟು, "ಅಮ್ಮಾ, ತಾತ ಏನು ಕೆಲಸ ಮಾಡ್ತಿದ್ರು ಅಂತ ಒಂದ್ಸಲ ಯೋಚನೆ ಮಾಡು, ಆಮೇಲೆ ಬೈಯಿ" ಅಂದ.

ನಮ್ಮಪ್ಪ ಫಾರೆಸ್ಟ್ ಗಾರ್ಡ್. ಮಹದೇಶ್ವರ ಬೆಟ್ಟದ ಕಾಡಿನಲ್ಲಿ, ವೀರಪ್ಪನ್ ಇದ್ದ ಕಾಲದಲ್ಲಿ. ಈ ರಿವ್ಯೂ ಆ ಗಾರ್ಡ್‌ನ ಮಗಳು ಬರೆದದ್ದು ಅಂತ ತಿಳಿದು ಓದಿ. ಬೇರೆಯವರ ಕಣ್ಣಿಗೆ ಬೇರೆ ಥರ ಕಂಡೀತು.

ಕಿಗಾಲಿಯಿಂದ ಮುಸಾಂಜೆ ಊರಿಗೆ ಎರಡೂವರೆ ಗಂಟೆ ದಾರಿ. ರಸ್ತೆ ಚೆನ್ನಾಗಿದೆ, ಆದರೆ ಉದ್ದಕ್ಕೂ ತಿರುವು. ತಲೆ ಸುತ್ತುವವರು ಮುಂದಿನ ಸೀಟಿನಲ್ಲಿ ಕೂರಿ. ಹಿಂದಿನ ರಾತ್ರಿ ಮುಸಾಂಜೆಯಲ್ಲೇ ಉಳಿಯುವುದು ಒಳ್ಳೆಯದು, ಯಾಕೆಂದರೆ ಬೆಳಗ್ಗೆ 7 ಗಂಟೆಗೆ ಕಿನಿಗಿಯಲ್ಲಿರುವ ಪಾರ್ಕ್ ಆಫೀಸಿನಲ್ಲಿ ಹಾಜರಿರಬೇಕು. ತಡವಾದರೆ ದುಡ್ಡು ಹೋದ ಹಾಗೆ. ಸಸ್ಯಾಹಾರಿಗಳು ಊಟಕ್ಕೆ ಹೆದರಬೇಕಿಲ್ಲ. ಬೀನ್ಸ್ ಕಾಳಿನ ಪಲ್ಯ, ಬೇಯಿಸಿದ ಬಾಳೆಕಾಯಿ, ಆಲೂಗೆಡ್ಡೆ ಎಲ್ಲ ಕಡೆ ಸಿಗುತ್ತದೆ. ಮರಗೆಣಸಿನ ಎಲೆಯನ್ನು ಕುಟ್ಟಿ ಬೇಯಿಸಿದ ಇಸೊಂಬೆ ಅನ್ನುವುದು ನನಗೆ ನಮ್ಮ ಸೊಪ್ಪಿನ ಮಸ್ಸೊಪ್ಪನ್ನೇ ನೆನಪಿಸಿತು. ಮಾಂಸ ಹಾಕಿದ್ದಾರಾ ಅಂತ ಮಾತ್ರ ಕೇಳಿಕೊಳ್ಳಿ.

ಒಂದು ದೂರು ಇದೆ, ಅದನ್ನು ಇಲ್ಲೇ ಮುಗಿಸುತ್ತೇನೆ. ಗಾಡಿಗೆ ಅಂತ ಮಗ ಒಂದು ಟ್ರಾವೆಲ್ ಏಜೆನ್ಸಿಯವರಿಗೆ ದುಡ್ಡು ಕೊಟ್ಟಿದ್ದ. ಜೀಪ್ ಅಂತ ಹೇಳಿ ಕಾರು ಕಳಿಸಿದರು. ಪಾರ್ಕ್ ಆಫೀಸಿನವರೆಗೆ ಕಾರು ಸಾಕು. ಅಲ್ಲಿಂದ ಬೆಟ್ಟದ ಬುಡಕ್ಕೆ ಹೋಗುವ ದಾರಿ ಬರೀ ಲಾವಾ ಕಲ್ಲು, ಅಲ್ಲಿ ಕಾರು ಹತ್ತುವುದೇ ಇಲ್ಲ. ಕೊನೇ ಗಳಿಗೆಯಲ್ಲಿ ಬೇರೆ ಜೀಪಿಗೆ ಇನ್ನೊಂದು ಸಲ ದುಡ್ಡು ಕೊಟ್ಟೆವು. ಫೋನ್ ಮಾಡಿದರೆ ಎತ್ತಲಿಲ್ಲ. ನೀವು ಬುಕ್ ಮಾಡುವಾಗ ಯಾವ ಗಾಡಿ ಅಂತ ಫೋಟೋ ಸಮೇತ ಬರೆಸಿಕೊಳ್ಳಿ. ಪಾರ್ಕಿನವರದ್ದು ಇದರಲ್ಲಿ ತಪ್ಪಿಲ್ಲ.

ಪಾರ್ಕಿನವರ ಕೆಲಸಕ್ಕೆ ನಾನು ಪೂರ್ತಿ ಅಂಕ ಕೊಡುತ್ತೇನೆ. ಬೆಳಗ್ಗೆ ಬಿಸಿ ಕಾಫಿ ಕೊಟ್ಟರು. ಒಂದು ಕಡೆ ಡೋಲು ಬಾರಿಸಿ ಕುಣಿಯುತ್ತಿದ್ದರು. ನಡೆಯುವ ಶಕ್ತಿ ನೋಡಿ ನಮ್ಮನ್ನು ಎಂಟೆಂಟು ಜನರ ಗುಂಪು ಮಾಡಿದರು. ಒಂದು ಗೊರಿಲ್ಲಾ ಕುಟುಂಬಕ್ಕೆ ದಿನಕ್ಕೆ ಎಂಟೇ ಜನ, ಒಂದೇ ಸಲ. 15 ವರ್ಷದ ಒಳಗಿನ ಮಕ್ಕಳಿಗೆ ಬಿಡುವುದಿಲ್ಲ. ನೆಗಡಿ, ಕೆಮ್ಮು ಇದ್ದರೂ ಬಿಡುವುದಿಲ್ಲ, ಯಾಕೆಂದರೆ ನಮ್ಮ ನೆಗಡಿ ಅವಕ್ಕೆ ಅಂಟುತ್ತದೆ, ಪ್ರಾಣಕ್ಕೇ ಬರಬಹುದು. ನನ್ನ ವಯಸ್ಸು 61, ಮಂಡಿ ನೋವು ಇದೆ ಅಂತ ಹೇಳಿದೆ. ಜಾಸ್ತಿ ದೂರ ಹತ್ತಬೇಕಿಲ್ಲದ ಒಂದು ಗುಂಪಿಗೆ ಹಾಕಿದರು, ಸಬ್ಯಿನ್ಯೊ ಬೆಟ್ಟದ ಕಡೆಗೆ. ನಮ್ಮ ಗೈಡ್ ಮೂವತ್ತೈದು ವರ್ಷದ ಹುಡುಗ, ನನ್ನನ್ನು ಮೊದಲಿನಿಂದ ಕೊನೆವರೆಗೂ "ಮಾಮಾ" ಅಂತಲೇ ಕರೆದ. ಆ ಕಡೆ ಅಮ್ಮ ಅನ್ನುವುದಕ್ಕೆ ಹಾಗೆ ಹೇಳುತ್ತಾರೆ.

ಬ್ಯಾಗ್ ಹೊರುವ ಪೋರ್ಟರ್ ಬೇಡ ಅನ್ನಬೇಡಿ. ಬ್ಯಾಗಿನಲ್ಲಿ ಏನೂ ಇಲ್ಲದಿದ್ದರೂ ಕರೆದುಕೊಳ್ಳಿ. ಕೆಸರಿನಲ್ಲಿ ಕೈ ಹಿಡಿದು ಮೇಲೆಳೆಯುವುದು ಅವರೇ. ನಾವು ಟಿಪ್ಸ್ ಸೇರಿ 20 ಡಾಲರ್ ಕೊಟ್ಟೆವು. ಈ ಪೋರ್ಟರ್‌ಗಳಲ್ಲಿ ಮೊದಲು ಕಾಡಿನಲ್ಲಿ ಉರುಳು ಹಾಕಿ ಬೇಟೆ ಆಡುತ್ತಿದ್ದವರೂ ಇದ್ದಾರೆ. ಅವರು ಉರುಳು ಹಾಕುತ್ತಿದ್ದದ್ದು ಗೊರಿಲ್ಲಾಗೆ ಅಲ್ಲ, ಜಿಂಕೆ ಜಾತಿಯ ಸಣ್ಣ ಪ್ರಾಣಿಗಳಿಗೆ. ಆದರೆ ಮರಿ ಗೊರಿಲ್ಲಾಗಳ ಕೈ ಅದರಲ್ಲಿ ಸಿಕ್ಕಿಕೊಳ್ಳುತ್ತದೆ, ತಂತಿ ಮಾಂಸಕ್ಕೆ ಇಳಿಯುತ್ತದೆ. ನಮ್ಮ ಕಡೆ ಹಂದಿಗೆ ಇಟ್ಟ ಉರುಳಿಗೆ ಚಿರತೆ ಬೀಳುತ್ತದಲ್ಲ, ಹಾಗೇ.

ನಡಿಗೆ ಶುರುವಾಗುವುದು ಹೊಲಗಳ ನಡುವೆ. ಆಲೂಗೆಡ್ಡೆ ಹೊಲ, ಅದರ ಪಕ್ಕ ಸಣ್ಣ ಬಿಳಿ ಹೂವಿನ ಹೊಲ. ಸೇವಂತಿಗೆ ಥರ ಇದೆ. ಇದೇನು ಅಂತ ಕೇಳಿದೆ. ಪೈರೆಥ್ರಮ್ ಅಂತೆ, ಕೀಟನಾಶಕ ಮಾಡುವ ಹೂವು. 1960ರ ದಶಕದ ಕೊನೆಯಲ್ಲಿ, 70ರ ದಶಕದ ಶುರುವಿನಲ್ಲಿ ಯೂರೋಪಿನ ನೆರವಿನ ಯೋಜನೆಯಲ್ಲಿ ಈ ಹೂವು ಬೆಳೆಯಲು ಅಂತಲೇ ಪಾರ್ಕಿನ ಕಾಡು ಕಡಿದಿದ್ದಾರೆ. ನಾವು ನಡೆಯುತ್ತಿದ್ದ ಹೊಲವೆಲ್ಲ ಆಗ ಗೊರಿಲ್ಲಾಗಳ ಕಾಡು. ಇದು ನನ್ನ ಮನಸ್ಸಿನಲ್ಲಿ ಉಳಿಯಿತು. ಹೊರದೇಶದ ದುಡ್ಡು ಬಂದರೆ ಕಾಡು ಉಳಿಯುತ್ತದೆ ಅಂತ ಇಲ್ಲ. ಆಗ ಅದೇ ದುಡ್ಡಿನಲ್ಲಿ ಕಾಡು ಹೋಗಿದೆ. ಈಗ ರುವಾಂಡಾ ಸರ್ಕಾರ ಪಾರ್ಕನ್ನು ಮತ್ತೆ ಸುಮಾರು ಕಾಲು ಭಾಗದಷ್ಟು ದೊಡ್ಡದು ಮಾಡಲು ಹೊರಟಿದೆ. ಕೆಳಗಿನ ಹೊಲ ಮನೆಗಳ ಜನರಿಗೆ ಬೇರೆ ಕಡೆ ಮನೆ ಕಟ್ಟಿಕೊಟ್ಟು ಜಾಗ ಬಿಡಿಸುವ ಯೋಜನೆ. ಆ ಜನರ ಮಾತು ಕೇಳುವ ಅವಕಾಶ ನನಗೆ ಸಿಗಲಿಲ್ಲ, ಭಾಷೆಯೂ ಬರುವುದಿಲ್ಲ. ಕೇಳಬೇಕಿತ್ತು ಅಂತ ಈಗಲೂ ಅನಿಸುತ್ತದೆ.

ಹೊಲ ಮುಗಿದ ಕಡೆ ಒಂದು ಕಲ್ಲಿನ ಗೋಡೆ. ಲಾವಾ ಕಲ್ಲುಗಳನ್ನು ಒಂದರ ಮೇಲೊಂದು ಪೇರಿಸಿ ಕಟ್ಟಿದ್ದು, ಎದೆ ಎತ್ತರ. ಕಾಡೆಮ್ಮೆಗಳು ಹೊಲಕ್ಕೆ ಇಳಿಯದಿರಲಿ ಅಂತ. ಗೋಡೆಯ ಈ ಕಡೆ ಬೇಸಾಯ, ಆ ಕಡೆ ಒಂದೇ ಹೆಜ್ಜೆಗೆ ಬಿದಿರು ಕಾಡು, ಕತ್ತಲು, ತಂಪು. ನಮ್ಮ ಕಡೆಯ ಆನೆ ಕಂದಕದ ಹತ್ತಿರ ನಿಂತ ಹಾಗೇ ಆಯಿತು. ನಾನು ಗೋಡೆ ದಾಟುವ ಮೊದಲು ಎರಡು ನಿಮಿಷ ಕೂತೆ. ಮಗ ಉಸಿರು ಕಟ್ಟಿತಾ ಅಂತ ಗಾಬರಿಯಾದ. ಉಸಿರಿಗಲ್ಲ, ಅಪ್ಪನ ನೆನಪಿಗೆ.

ಅಪ್ಪ ರಾತ್ರಿ ಬೀಟ್‌ಗೆ ಹೋದರೆ ಅಮ್ಮ ಬಾಗಿಲಿಗೆ ಒಳಗಿನಿಂದ ಒನಕೆ ಒರಗಿಸಿ ಕೂರುತ್ತಿದ್ದರು. ಕಾಡಿನಲ್ಲಿ ಬಂದೂಕು ಇರುವವರು ಇದ್ದಾರೆ ಅನ್ನುವುದು ಮಕ್ಕಳಾದ ನಮಗೂ ಗೊತ್ತಿತ್ತು. "ಪಾಲಾರ್ ದಾಟಿದ್ರೆ ತಮಿಳುನಾಡು, ನಮ್ಮೋರು ಅಲ್ಲಿಗೆ ನಿಂತುಬಿಡ್ತಾರೆ, ಅವನು ನಿಲ್ತಾನಾ?" ಅಂತ ಅಪ್ಪ ಹೇಳುತ್ತಿದ್ದರು. 1991ರ ನವೆಂಬರಿನಲ್ಲಿ ಅರಣ್ಯ ಇಲಾಖೆಯ ಡಿಸಿಎಫ್ ಶ್ರೀನಿವಾಸ್ ಅವರನ್ನು ವೀರಪ್ಪನ್ ಕೊಂದಾಗ ಅಪ್ಪ ಎರಡು ದಿನ ಊಟ ಮಾಡಲಿಲ್ಲ. ಗೋಪಿನಾಥಂ ಜನರ ಜೊತೆ ಕೂತು, ಅವರಿಗೆ ಗುಡಿ ಕಟ್ಟಿಸಿ, ಅವರ ಮನಸ್ಸು ಗೆದ್ದ ಆಫೀಸರ್ ಅವರು. ಆಮೇಲೆ ಕರ್ನಾಟಕ, ತಮಿಳುನಾಡು ಎರಡೂ ಕಡೆಯವರು ಸೇರಿ ಕೆಲಸ ಮಾಡಿದರೂ ವೀರಪ್ಪನ್ ಕಥೆ ಮುಗಿಯಲು 2004ರವರೆಗೆ ಬೇಕಾಯಿತು. ಒಂದು ಕಾಡು, ಎರಡು ರಾಜ್ಯ, ಒಂದೇ ದೇಶ. ಅಷ್ಟಕ್ಕೇ ಅಷ್ಟು ವರ್ಷ. ಇಲ್ಲಿ ಒಂದು ಕಾಡು, ಮೂರು ದೇಶ.

ವಿರುಂಗಾ ಬೆಟ್ಟಸಾಲು ಅಂದರೆ ಸಾಲಾಗಿ ನಿಂತ ಎಂಟು ಜ್ವಾಲಾಮುಖಿಗಳು. ಅದರಲ್ಲಿ ಗೊರಿಲ್ಲಾ ಇರುವ ಕಾಡು ಎಲ್ಲ ಸೇರಿ ಸುಮಾರು 450 ಚದರ ಕಿಲೋಮೀಟರ್. ನಮ್ಮ ಮಲೆ ಮಹದೇಶ್ವರ ವನ್ಯಧಾಮದ ಅರ್ಧದಷ್ಟು. ಈ ಪುಟ್ಟ ಕಾಡನ್ನೇ ರುವಾಂಡಾ, ಉಗಾಂಡಾ, ಕಾಂಗೋ ಮೂರು ದೇಶ ಹಂಚಿಕೊಂಡಿವೆ. ನಾವು ಹತ್ತಿದ ಸಬ್ಯಿನ್ಯೊ ಬೆಟ್ಟದ ತುದಿಯಲ್ಲೇ ಮೂರೂ ಗಡಿ ಸೇರುತ್ತವೆ. 1925ರಲ್ಲಿ ಬೆಲ್ಜಿಯಂನವರು ಇದರ ಒಂದು ಭಾಗವನ್ನು ಆಲ್ಬರ್ಟ್ ನ್ಯಾಷನಲ್ ಪಾರ್ಕ್ ಅಂತ ಮಾಡಿದಾಗ ಆಫ್ರಿಕಾಕ್ಕೇ ಮೊದಲ ರಾಷ್ಟ್ರೀಯ ಉದ್ಯಾನ ಇದು. ಸ್ವಾತಂತ್ರ್ಯ ಬಂದ ಮೇಲೆ ಕಾಂಗೋದ ಭಾಗ ವಿರುಂಗಾ ಆಯಿತು, ರುವಾಂಡಾದ ಭಾಗ ವಾಲ್ಕೆನೋಸ್ ಆಯಿತು.

ಒಂದು ಗಂಟೆ ಹತ್ತು ನಿಮಿಷ ಹತ್ತಿದೆವು. ಬಿದಿರು ಮುಗಿದು ತುರಿಕೆ ಸೊಪ್ಪು ಶುರುವಾಯಿತು. ಅದು ನಮ್ಮ ತುರಿಚನ ಗಿಡಕ್ಕಿಂತ ಜೋರು, ಪ್ಯಾಂಟ್ ಒಳಗೂ ಚುಚ್ಚುತ್ತದೆ. ತೋಟದ ಕೆಲಸಕ್ಕೆ ಹಾಕುವ ದಪ್ಪ ಕೈಗವಸು ಖಂಡಿತ ಬೇಕು. ಬೆಳಗಿನ ಜಾವವೇ ಕಾಡಿಗೆ ಹೋಗಿ, ಹಿಂದಿನ ರಾತ್ರಿ ಗೊರಿಲ್ಲಾಗಳು ಮಲಗಿದ್ದ ಸೊಪ್ಪಿನ ಹಾಸಿಗೆ ಹುಡುಕಿ, ಅಲ್ಲಿಂದ ಹೆಜ್ಜೆ ಹಿಡಿದು ಹೋಗುವವರು ಟ್ರ್ಯಾಕರ್‌ಗಳು. ಅವರು ವಾಕಿಟಾಕಿಯಲ್ಲಿ ದಾರಿ ಹೇಳುತ್ತಿದ್ದರು. ನಾವು ಬರುವ ಹೊತ್ತಿಗೆ ಅವರು ಒದ್ದೆ ಬಟ್ಟೆಯಲ್ಲಿ ಒಂದು ಮರದ ಕೆಳಗೆ ನಿಂತಿದ್ದರು. ಬ್ಯಾಗು, ಕೋಲು ಎಲ್ಲ ಅಲ್ಲೇ ಇಡಿಸಿ, ಮಾಸ್ಕ್ ಹಾಕಿಸಿದರು. ಗೈಡ್ ಗಂಟಲಿನಿಂದ ಎರಡು ಸಲ ಮೆಲ್ಲಗೆ, ಯಾರೋ ಹಿರಿಯರು ಒಳಗೆ ಬರುವಾಗ ಕೆಮ್ಮುವ ಹಾಗೆ, ಶಬ್ದ ಮಾಡಿದ. ಸೊಪ್ಪಿನ ಆ ಕಡೆಯಿಂದ ಅದೇ ಶಬ್ದ ವಾಪಸ್ ಬಂತು.

ಆ ಒಂದು ಗಂಟೆಯ ಬಗ್ಗೆ ಎಷ್ಟು ಬರೆದರೂ ಸಾಲದು, ಆದರೂ ಮೂರು ವಿಷಯ ಹೇಳುತ್ತೇನೆ. ಮೊದಲನೆಯದು ವಾಸನೆ. ಬೆವರು, ಹಸಿ ಸೊಪ್ಪು, ಸ್ವಲ್ಪ ಹೊಗೆ ಸೇರಿದ ಹಾಗಿರುವ ವಾಸನೆ. ಕಣ್ಣಿಗೆ ಕಾಣುವ ಮೊದಲೇ ಮೂಗಿಗೆ ಗೊತ್ತಾಯಿತು. ಎರಡನೆಯದು ಶಬ್ದ. ತಿನ್ನುವ ಶಬ್ದ ಎಷ್ಟು ಜೋರು ಗೊತ್ತಾ? ಕಾಡು ಸೆಲರಿಯ ದಂಟನ್ನು ಸಿಪ್ಪೆ ಸುಲಿದು ಕಬ್ಬು ಅಗಿಯುವ ಹಾಗೆ ಅಗಿಯುತ್ತವೆ. ಮೂರನೆಯದು ಬೆನ್ನು. ಬೆಳ್ಳಿ ಬಣ್ಣದ ಬೆನ್ನಿನ ದೊಡ್ಡ ಗಂಡು, ಆ ಕುಟುಂಬದ ಯಜಮಾನ, ನಮ್ಮ ಕಡೆ ಬೆನ್ನು ತಿರುಗಿಸಿ ಕೂತಿದ್ದ. ಇಪ್ಪತ್ತು ನಿಮಿಷ ಹಾಗೇ ಕೂತಿದ್ದ. ನಮ್ಮನ್ನು ಲೆಕ್ಕಕ್ಕೇ ಇಡಲಿಲ್ಲ. ಹತ್ತು ಮೀಟರ್ ದೂರ ಇರಬೇಕು ಅಂತ ನಿಯಮ. ಅದನ್ನು ನಾವು ಪಾಲಿಸಿದೆವು, ಒಂದು ಮರಿ ಪಾಲಿಸಲಿಲ್ಲ. ನನ್ನ ಹತ್ತಿರಕ್ಕೇ ಬಂದು, ಕೂತು, ತನ್ನ ಕಾಲ್ಬೆರಳು ನೋಡಿಕೊಂಡಿತು. ಗೈಡ್ ನನ್ನ ಭುಜ ಹಿಡಿದು ಹಿಂದಕ್ಕೆ ಸರಿಸಿದ. ಒಂದನೇ ಕ್ಲಾಸಿನ ಮಕ್ಕಳು ಮೊದಲ ದಿನ ಹಾಗೇ ಕೂರುತ್ತವೆ. ನನಗೆ ಅಳು ಬಂತು. ಮಾಸ್ಕ್ ಒದ್ದೆಯಾಯಿತು.

ಗೊರಿಲ್ಲಾಗಳನ್ನು ಮೂಗಿನ ಮೇಲಿನ ಗೆರೆ ನೋಡಿ ಗುರುತು ಹಿಡಿಯುತ್ತಾರೆ, ಒಂದೊಂದರ ಗೆರೆ ಒಂದೊಂದು ಥರ. ಎಲ್ಲದಕ್ಕೂ ಹೆಸರಿದೆ. 2005ರಿಂದ ರುವಾಂಡಾದಲ್ಲಿ ಮರಿಗಳಿಗೆ ಹೆಸರಿಡುವ ಹಬ್ಬವನ್ನೇ ಮಾಡುತ್ತಾರೆ. ಕ್ವಿಟಾ ಇಜಿನಾ ಅಂತ ಅದರ ಹೆಸರು.

ಇಳಿಯುವಾಗ ಮಂಡಿ ನೋವಿಗೆ ನಿಧಾನ ಆಯಿತು. ಗೈಡ್ ನನ್ನ ಜೊತೆಯೇ ನಡೆದ. ನಮ್ಮಪ್ಪ ಇದೇ ಕೆಲಸದಲ್ಲಿದ್ದರು, ಕಾಡಿನಲ್ಲಿ ಬಂದೂಕಿನವರು ಇದ್ದರು ಅಂತ ಹೇಳಿದೆ. ಅವನು ನಿಂತುಬಿಟ್ಟ. "ಅವರು ಮನೆಗೆ ವಾಪಸ್ ಬಂದ್ರಾ?" ಅಂತ ಕೇಳಿದ. ಬಂದರು, ಪೆನ್ಷನ್ ತೆಗೆದುಕೊಂಡರು, 79 ವರ್ಷ ಬದುಕಿದರು ಅಂದೆ. ಅವನು ತಲೆಯಾಡಿಸಿ, ಮೋಡ ಮುಚ್ಚಿದ್ದ ಕಡೆಗೆ ಕೋಲು ತೋರಿಸಿ, "ಆ ಕಡೆ ನನ್ನ ಥರದ ಕೆಲಸ ಮಾಡೋರು ಇದ್ದಾರೆ ಮಾಮಾ. ಅವರಲ್ಲಿ ತುಂಬಾ ಜನ ಬರಲಿಲ್ಲ" ಅಂದ. ಆ ಕಡೆ ಅಂದರೆ ಕಾಂಗೋ.

ಕಾಂಗೋದ ವಿರುಂಗಾ ಪಾರ್ಕಿನಲ್ಲಿ ಇಲ್ಲಿಯವರೆಗೆ 200ಕ್ಕೂ ಹೆಚ್ಚು ರೇಂಜರ್‌ಗಳು ಸತ್ತಿದ್ದಾರೆ. 2020ರ ಏಪ್ರಿಲ್ 24ರಂದು ಒಂದೇ ದಿನ 12 ರೇಂಜರ್‌ಗಳನ್ನು ರುಮಂಗಾಬೊ ಹತ್ತಿರ ಕೊಂದರು. ಪಾರ್ಕಿನ ಮುಖ್ಯಸ್ಥ ಇಮ್ಯಾನುಯೆಲ್ ದ ಮೆರೋಡ್ ಅವರಿಗೇ 2014ರಲ್ಲಿ ಗುಂಡು ಬಿತ್ತು. ಅವರು ಬದುಕಿ ಉಳಿದು ಮತ್ತೆ ಕೆಲಸಕ್ಕೆ ಬಂದರು. 1994ರಲ್ಲಿ ರುವಾಂಡಾದಲ್ಲಿ ನರಮೇಧ ನಡೆದ ಮೇಲೆ ಲಕ್ಷಾಂತರ ಜನ ಗಡಿ ದಾಟಿ ಕಾಂಗೋದ ಗೋಮಾ ಊರಿನ ಸುತ್ತಮುತ್ತ ಈ ಪಾರ್ಕಿನ ಅಂಚಿಗೇ ಬಂದು ಬಿದ್ದರು. ಅವರಿಗೆ ಅಡುಗೆಗೆ ಸೌದೆ ಬೇಕಲ್ಲ. ಕಾಡೇ ಸೌದೆಯಾಯಿತು. ಅದೇ ವರ್ಷ ಯುನೆಸ್ಕೊ ಈ ಪಾರ್ಕನ್ನು ಅಪಾಯದಲ್ಲಿರುವ ಪಾರಂಪರಿಕ ತಾಣಗಳ ಪಟ್ಟಿಗೆ ಸೇರಿಸಿತು. ಜನರನ್ನು ಬೈಯುವ ಮಾತಲ್ಲ ಇದು. ಮಕ್ಕಳಿಗೆ ಗಂಜಿ ಕಾಯಿಸುವವಳಿಗೆ ಮರ ಕಡಿಯಬೇಡ ಅಂತ ಯಾವ ಬಾಯಲ್ಲಿ ಹೇಳುವುದು?

ಆಮೇಲೆ ಇದ್ದಿಲು. ಗೋಮಾದಂಥ ದೊಡ್ಡ ಊರಿನಲ್ಲಿ ಅಡುಗೆ ನಡೆಯುವುದು ಇದ್ದಿಲಿನಲ್ಲಿ. ಅವರು ಅದನ್ನು ಮಕಾಲಾ ಅನ್ನುತ್ತಾರೆ. ಪಾರ್ಕಿನೊಳಗೆ ಮರ ಸುಟ್ಟು ಇದ್ದಿಲು ಮಾಡಿ ಮಾರಿ, ಆ ದುಡ್ಡಿನಲ್ಲಿ ಬಂದೂಕಿನ ಗುಂಪುಗಳು ಬದುಕುತ್ತವೆ. 2007ರ ಜುಲೈಯಲ್ಲಿ ಸೆನ್ಕ್ವೆಕ್ವೆ ಅನ್ನುವ ಯಜಮಾನ ಗೊರಿಲ್ಲಾನನ್ನೂ ಅವನ ಕುಟುಂಬದ ಹೆಣ್ಣುಗಳನ್ನೂ ಗುಂಡಿಟ್ಟು ಕೊಂದರು. ಮಾಂಸಕ್ಕಲ್ಲ, ಮಾರಾಟಕ್ಕಲ್ಲ. ಅದರ ಹಿಂದೆ ಇದ್ದದ್ದು ಇದ್ದಿಲಿನ ದಂಧೆ ಅಂತ ಆಮೇಲೆ ಹೊರಗೆ ಬಂತು. ಗೊರಿಲ್ಲಾ ಇಲ್ಲದಿದ್ದರೆ ಕಾಡು ಕಾಯುವವರೂ ಇರುವುದಿಲ್ಲ ಅನ್ನುವ ಲೆಕ್ಕ. ಹಳ್ಳಿಯವರು ಮರದ ಕಂಬಗಳಿಗೆ ಆ ದೇಹಗಳನ್ನು ಕಟ್ಟಿ, ಸಾಲುಸಾಲಾಗಿ ಹೊತ್ತು ತಂದರು. ಆ ಫೋಟೋ ನೀವೂ ಎಲ್ಲೋ ನೋಡಿರುತ್ತೀರಿ. ಗಂಧದ ಮರ, ದಂತದ ದುಡ್ಡಿನಲ್ಲಿ ನಮ್ಮ ಕಾಡಿನಲ್ಲೂ ಬಂದೂಕು ನಡೆಯಿತಲ್ಲವಾ. ಮಾಲು ಬೇರೆ, ದಾರಿ ಒಂದೇ.

ಇದಕ್ಕೆ ಅಲ್ಲಿಯವರು ಹುಡುಕಿದ ಒಂದು ದಾರಿ ನನಗೆ ತುಂಬಾ ಹಿಡಿಸಿತು. ಪಾರ್ಕಿನವರೇ ಬೆಟ್ಟದಿಂದ ಇಳಿಯುವ ಹೊಳೆಗಳಿಗೆ ಸಣ್ಣ ಸಣ್ಣ ಕರೆಂಟ್ ಘಟಕ ಕಟ್ಟಿದ್ದಾರೆ. ಮಟೇಬೆಯದ್ದು 2015ರಲ್ಲಿ ಶುರುವಾಯಿತು. ಹೊರದೇಶದ ದಾನಿಗಳು, ಐರೋಪ್ಯ ಒಕ್ಕೂಟ ಈ ಪಾರ್ಕಿಗೆ ಕೈಜೋಡಿಸಿದ್ದಾರೆ. ಮನೆಗೆ ಕರೆಂಟ್ ಬಂದರೆ ಇದ್ದಿಲು ಕಡಿಮೆ, ಸಣ್ಣ ಕಾರ್ಖಾನೆ ಬಂದರೆ ಹುಡುಗರಿಗೆ ಕೂಲಿ, ಕೂಲಿ ಸಿಕ್ಕರೆ ಬಂದೂಕು ಹಿಡಿಯುವವರು ಕಡಿಮೆ. ಹೂವಿನ ಹೊಲಕ್ಕೆ ಅಂತ ಕಾಡು ಕಡಿಸಿದ ದುಡ್ಡಿಗೂ ಇದಕ್ಕೂ ಎಷ್ಟು ವ್ಯತ್ಯಾಸ ನೋಡಿ.

ಈಗ ಕಷ್ಟದ ಮಾತಿಗೆ ಬರುತ್ತೇನೆ. 2025ರ ಜನವರಿಯಲ್ಲಿ ಎಂ23 ಅನ್ನುವ ಬಂದೂಕಿನ ಗುಂಪು ಗೋಮಾ ಊರನ್ನೇ ಹಿಡಿಯಿತು. ಗೊರಿಲ್ಲಾ ಇರುವ ಕಾಂಗೋ ಕಡೆಯ ಕಾಡು ಅದಕ್ಕೂ ಮೊದಲೇ ಅವರ ಕೈಯಲ್ಲಿತ್ತು. ಈ ಗುಂಪಿನ ಹಿಂದೆ ರುವಾಂಡಾ ಸೇನೆ ಇದೆ ಅಂತ ವಿಶ್ವಸಂಸ್ಥೆಯ ತಜ್ಞರ ವರದಿಗಳು ಹೇಳುತ್ತವೆ. ರುವಾಂಡಾ ಅದನ್ನು ಒಪ್ಪುವುದಿಲ್ಲ. ನಾನು ಹೋಗುವ ಎರಡು ತಿಂಗಳ ಮೊದಲು, ಜೂನ್ 27ರಂದು, ರುವಾಂಡಾ, ಕಾಂಗೋ ಎರಡು ದೇಶದವರು ವಾಷಿಂಗ್ಟನ್‌ನಲ್ಲಿ ಶಾಂತಿ ಒಪ್ಪಂದಕ್ಕೆ ಸಹಿ ಹಾಕಿದ್ದರು. ಆದರೂ ಹೊಡೆದಾಟ ನಿಂತಿರಲಿಲ್ಲ. ನನ್ನ 1,500 ಡಾಲರ್ ಹೋದದ್ದು ರುವಾಂಡಾ ಸರ್ಕಾರಕ್ಕೆ. ಇದು ನನಗೆ ನಿದ್ದೆಗೆಡಿಸಿತು. ಮಗನನ್ನು ಕೇಳಿದೆ. ಅವನ ಹತ್ತಿರವೂ ಉತ್ತರ ಇರಲಿಲ್ಲ. ಹೋಗುವವರು ಇದನ್ನು ತಿಳಿದೇ ಹೋಗಬೇಕು ಅಂತ ಇಲ್ಲಿ ಬರೆಯುತ್ತಿದ್ದೇನೆ.

ಹಾಗಾದರೆ ನಾನು ಯಾಕೆ ಈ ಸೇವೆಗೆ ಒಳ್ಳೆಯ ಅಂಕ ಕೊಡುತ್ತಿದ್ದೇನೆ? ಸರ್ಕಾರಗಳು ಜಗಳ ಆಡಿದಾಗಲೂ ಕಾಡು ಕಾಯುವವರು ಮೂರೂ ಕಡೆ ಕೈ ಬಿಡಲಿಲ್ಲ, ಅದಕ್ಕೆ. 1991ರಲ್ಲೇ ಮೂರು ದೇಶದ ಗೊರಿಲ್ಲಾಗಳಿಗೆ ಒಂದೇ ಯೋಜನೆ ಅಂತ ಅಂತರರಾಷ್ಟ್ರೀಯ ಗೊರಿಲ್ಲಾ ಸಂರಕ್ಷಣಾ ಕಾರ್ಯಕ್ರಮ ಶುರುವಾಯಿತು. ಆಮೇಲಿನ ಯುದ್ಧಗಳಲ್ಲೂ ಅದು ನಿಲ್ಲಲಿಲ್ಲ. 2015ರಲ್ಲಿ ಮೂರು ದೇಶಗಳ ನಡುವೆ ಒಪ್ಪಂದವೇ ಆಯಿತು. ಅದರ ಕಚೇರಿ ಕಿಗಾಲಿಯಲ್ಲಿದೆ. ಗೊರಿಲ್ಲಾಗಳ ಡಾಕ್ಟರುಗಳ ಒಂದು ತಂಡ ಇದೆ, 1986ರಿಂದ. ಅವರು ಮೂರೂ ದೇಶದಲ್ಲಿ ಕೆಲಸ ಮಾಡುತ್ತಾರೆ. ಉರುಳಿಗೆ ಸಿಕ್ಕ ಮರಿಯನ್ನು ಮಂಪರು ಮಾಡಿ, ತಂತಿ ಬಿಚ್ಚಿ, ಮತ್ತೆ ತಾಯಿಯ ಹತ್ತಿರ ಬಿಡುವುದು ಅವರ ಕೆಲಸ.

ಇದಕ್ಕಿಂತ ನನ್ನ ಮನಸ್ಸಿಗೆ ತಟ್ಟಿದ್ದು ಎಣಿಕೆ. 2015, 2016ರಲ್ಲಿ ಮೂರು ದೇಶದವರು ಸೇರಿದ ತಂಡಗಳು ಇಡೀ ವಿರುಂಗಾ ಕಾಡನ್ನು ಎರಡು ಸಲ ಬಾಚಿದವು. ಒಂದೊಂದು ಹಾಸಿಗೆಯಿಂದಲೂ ಲದ್ದಿ ತೆಗೆದು, ಜರ್ಮನಿಯ ಲೈಪ್‌ಜಿಗ್‌ನ ಲ್ಯಾಬ್‌ನಲ್ಲಿ ಡಿಎನ್‌ಎ ಪರೀಕ್ಷೆ ಮಾಡಿಸಿದರು. ಒಂದೇ ಪ್ರಾಣಿಯನ್ನು ಎರಡು ಸಲ ಎಣಿಸಬಾರದಲ್ಲ, ಅದಕ್ಕೆ. 604 ಸಿಕ್ಕವು. 1981ರಲ್ಲಿ ಇದೇ ಕಾಡಿನಲ್ಲಿ ಇದ್ದದ್ದು ಸುಮಾರು 250. ಉಗಾಂಡಾದ ಬ್ವಿಂಡಿ ಕಾಡಿನ 2018ರ ಎಣಿಕೆಯನ್ನೂ ಸೇರಿಸಿದರೆ ಒಟ್ಟು 1,063. ಬ್ವಿಂಡಿಯ ಆ ಲೆಕ್ಕ ಹೊರಬರುವ ಮೊದಲೇ, ಸಂಖ್ಯೆ ಏರಿದ್ದು ನೋಡಿ, 2018ರಲ್ಲಿ ಬೆಟ್ಟದ ಗೊರಿಲ್ಲಾವನ್ನು ತೀರಾ ಅಳಿವಿನಂಚಿನ ಪಟ್ಟಿಯಿಂದ ಒಂದು ಮೆಟ್ಟಿಲು ಕೆಳಗೆ ಇಳಿಸಿದರು. ನರಮೇಧ, ಕಾಂಗೋದ ಎರಡು ದೊಡ್ಡ ಯುದ್ಧ, ನಿರಾಶ್ರಿತರ ಶಿಬಿರ, ಇದ್ದಿಲು, ಇದೆಲ್ಲದರ ನಡುವೆ ಸಂಖ್ಯೆ ಎರಡು ಪಟ್ಟಿಗಿಂತ ಜಾಸ್ತಿ ಆಗಿದೆ. ನಾನು ನಲವತ್ತು ಮಕ್ಕಳ ಹಾಜರಿ ಪುಸ್ತಕ ವರ್ಷಗಟ್ಟಲೆ ಇಟ್ಟವಳು. ಒಂದು ಹೆಸರು ಹೊಡೆದುಹಾಕುವುದಕ್ಕೂ, ಹೊಸ ಹೆಸರು ಸೇರಿಸುವುದಕ್ಕೂ ಮನಸ್ಸಿಗೆ ಏನಾಗುತ್ತದೆ ಅಂತ ಗೊತ್ತು.

ಇನ್ನೊಂದು ಕಾರಣ ಪಾಲು. ರುವಾಂಡಾದಲ್ಲಿ ಪಾರ್ಕಿನ ಆದಾಯದಲ್ಲಿ ನೂರಕ್ಕೆ 10 ಭಾಗ ಸುತ್ತಲಿನ ಹಳ್ಳಿಗಳಿಗೆ ಹೋಗುತ್ತದೆ. 2017ರವರೆಗೆ ಅದು 5 ಇತ್ತು. ಪರ್ಮಿಟ್ ಬೆಲೆಯನ್ನು 750 ಡಾಲರ್‌ನಿಂದ 1,500ಕ್ಕೆ ಏರಿಸಿದಾಗ ಇದನ್ನೂ ಏರಿಸಿದರು. ಆ ದುಡ್ಡು ಶಾಲೆ, ಆಸ್ಪತ್ರೆ, ನೀರಿನ ಟ್ಯಾಂಕ್ ಇಂಥದ್ದಕ್ಕೆ. ಇದು ನನಗೆ ಯಾಕೆ ಮುಖ್ಯ ಅಂದರೆ, ನಾನು ಹೋಗುವ ಮೊದಲು ಜೂನ್‌ನಲ್ಲಿ ನಮ್ಮ ಬೆಟ್ಟದ ಹೂಗ್ಯಂ ವಲಯದಲ್ಲಿ ಒಂದು ತಾಯಿ ಹುಲಿ, ನಾಲ್ಕು ಮರಿ ವಿಷಕ್ಕೆ ಸತ್ತವು. ಹಸು ಕಳೆದುಕೊಂಡ ಸಿಟ್ಟು. ತಪ್ಪು, ದೊಡ್ಡ ತಪ್ಪು. ಆದರೆ ಕಾಡಿನ ಪಕ್ಕ ಇರುವವನಿಗೆ ಕಾಡಿನಿಂದ ನಷ್ಟ ಮಾತ್ರ ಬಂದರೆ ಅವನು ಎಷ್ಟು ದಿನ ಸಹಿಸುತ್ತಾನೆ?

ಹವೆಯ ವಿಷಯವೂ ಇದೆ. 2020ರ ಫೆಬ್ರವರಿಯಲ್ಲಿ ಹಿರ್ವಾ ಅನ್ನುವ ಕುಟುಂಬದ ನಾಲ್ಕು ಗೊರಿಲ್ಲಾಗಳು ಉಗಾಂಡಾ ಕಡೆಯ ಮಗಹಿಂಗಾ ಪಾರ್ಕಿನಲ್ಲಿ ಸಿಡಿಲಿಗೆ ಸತ್ತವು. ಹಿಂದಿನ ವರ್ಷ ರುವಾಂಡಾ ಕಡೆಯಿಂದ ಗಡಿ ದಾಟಿ ಹೋಗಿದ್ದ ಕುಟುಂಬ ಅದು. ಅವಕ್ಕೆ ಪಾಸ್‌ಪೋರ್ಟ್ ಬೇಕಿಲ್ಲ, ಕಾಯುವವರಿಗೆ ಬೇಕು. 2023ರ ಮೇ ತಿಂಗಳ ಮೊದಲ ವಾರದಲ್ಲಿ ಈ ಭಾಗದಲ್ಲಿ ಬಿದ್ದ ಮಳೆಗೆ ರುವಾಂಡಾದಲ್ಲಿ 130ಕ್ಕೂ ಹೆಚ್ಚು ಜನ ಸತ್ತರು. ಎರಡೇ ದಿನದಲ್ಲಿ ಕಿವು ಕೆರೆಯ ಆಚೆ, ಕಾಂಗೋದ ಕಲೇಹೆಯಲ್ಲಿ 400ಕ್ಕೂ ಹೆಚ್ಚು ಜನ ಹೋದರು. ನಾವು ಹೋಗುವ ದಾರಿಯಲ್ಲಿ ಜಾರಿದ ಗುಡ್ಡಗಳ ಕೆಂಪು ಗುರುತು ಇನ್ನೂ ಕಾಣುತ್ತಿತ್ತು. ಕೊಡಗಿನ 2018ರ ಆಗಸ್ಟ್ ನೋಡಿದವರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ. ಬೆಟ್ಟದ ಮೇಲೆ ಕಾಡು ಇದ್ದರೆ ನೀರು ಹಿಡಿದು ನಿಧಾನಕ್ಕೆ ಬಿಡುತ್ತದೆ. ಇನ್ನು ಗೊರಿಲ್ಲಾ. ಸೆಕೆ ಜಾಸ್ತಿಯಾದರೆ ಅವು ಇನ್ನೂ ಮೇಲೆ ಹೋಗಬೇಕು. ಮೇಲೆ ಜಾಗ ಎಲ್ಲಿದೆ? ಕೆಳಗೆ ಆಲೂಗೆಡ್ಡೆ ಹೊಲ, ಮೇಲೆ ಬೋಳು ಶಿಖರ.

ಬೆಲೆಯ ಬಗ್ಗೆ ನನ್ನ ಅಭಿಪ್ರಾಯ: ಜಾಸ್ತಿಯೇ. ನನ್ನಂಥ ಪೆನ್ಷನ್‌ದಾರರು ತಮ್ಮ ದುಡ್ಡಿನಲ್ಲಿ ಹೋಗುವುದು ಕಷ್ಟ. ಉಗಾಂಡಾದಲ್ಲಿ 800 ಡಾಲರ್, ದಾರಿ ದೂರ, ಬ್ವಿಂಡಿಯ ಹತ್ತುವಿಕೆ ಕಠಿಣ ಅನ್ನುತ್ತಾರೆ. ಮಂಡಿ ಗಟ್ಟಿ ಇರುವವರು, ಜೇಬು ನೋಡಿಕೊಳ್ಳುವವರು ಅಲ್ಲಿಗೆ ಹೋಗಿ, ಪ್ರಾಣಿ ಅದೇ. ಆದರೆ ದಿನಕ್ಕೆ ಒಂದು ಕುಟುಂಬಕ್ಕೆ ಎಂಟೇ ಜನ ಅನ್ನುವ ನಿಯಮ ಇರುವಾಗ ಬೆಲೆ ಕಡಿಮೆ ಮಾಡಿದರೆ ಟ್ರ್ಯಾಕರ್‌ಗಳ ಸಂಬಳ ಎಲ್ಲಿಂದ ಬರಬೇಕು ಅನ್ನುವುದೂ ನಿಜ. ಬೆಳಗಿನ ನಾಲ್ಕಕ್ಕೆ ಎದ್ದು ಒದ್ದೆ ಕಾಡಿಗೆ ಹೋಗುವವರಿಗೆ ತಿಂಗಳ ಕೊನೆಗೆ ಸಂಬಳ ಬಂದಿರಬೇಕು. ಅಪ್ಪನ ಸಂಬಳ ತಡವಾದ ತಿಂಗಳು ಅಮ್ಮ ರಾಗಿ ಸಾಲ ತರುತ್ತಿದ್ದದ್ದು ನನಗೆ ನೆನಪಿದೆ. ಅದನ್ನು ನೆನೆದ ಮೇಲೆ ತಾರಸಿಯ ಮಾತು ನಾನು ಮತ್ತೆ ಎತ್ತಲಿಲ್ಲ.

ಟೈಮ್ ಇದ್ದರೆ ಕಿನಿಗಿಯಲ್ಲಿರುವ ಡಯಾನ್ ಫಾಸಿ ಸಂಸ್ಥೆಯ ಕ್ಯಾಂಪಸ್ ನೋಡಿ. 2022ರಲ್ಲಿ ತೆರೆದದ್ದು. ಗೊರಿಲ್ಲಾಗಳ ಅಧ್ಯಯನಕ್ಕೆ ಅಂತ 1967ರಲ್ಲಿ ಈ ಬೆಟ್ಟಗಳ ನಡುವೆ ಡೇರೆ ಹಾಕಿದ, 1985ರಲ್ಲಿ ಅಲ್ಲೇ ಕೊಲೆಯಾದ ಆ ಹೆಣ್ಣುಮಗಳ ಹೆಸರಿನದ್ದು. ಅಲ್ಲಿ ಓದುತ್ತಿರುವವರಲ್ಲಿ ರುವಾಂಡಾದ ಹುಡುಗಿಯರೂ ಇದ್ದರು, ಅದು ನೋಡಿ ಖುಷಿಯಾಯಿತು. ನಾನು ಹೊರಡಲು ಎದ್ದಾಗ ಒಬ್ಬಳು ಓಡಿಬಂದು ಮೆಟ್ಟಿಲು ಇಳಿಸಿದಳು.

ಕೈಗವಸು, ಮಳೆ ಕೋಟು, ಎರಡು ಜೊತೆ ಉದ್ದ ಕಾಲುಚೀಲ ಮರೆಯಬೇಡಿ. ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಹೋಗಿ, ಮಳೆ ಕಡಿಮೆ. ಕಾಂಗೋ ಕಡೆ ಪ್ರವಾಸಿಗಳಿಗೆ ಬಾಗಿಲು ತೆರೆದಿದ್ದಾಗ ಪರ್ಮಿಟ್ 400 ಡಾಲರ್ ಇತ್ತು. ಅದು ತೆರೆಯುವ ದಿನಕ್ಕೆ ಅಂತ ಈಗ ಪೆನ್ಷನ್‌ನಲ್ಲಿ ತಿಂಗಳಿಗೆ ಒಂದು ಸಾವಿರ ಎತ್ತಿಡುತ್ತಿದ್ದೇನೆ. ಗೋಡ್ರೆಜ್ ಬೀರುವಿನಲ್ಲಿ, ಅಪ್ಪನ ಸೀಟಿ ಇಟ್ಟಿರುವ ಡಬ್ಬಿಯಲ್ಲಿ.